ಅಜ್ಜಿಯ ಹೆಸರಲ್ಲಿ ತಂದ ಕಾದಂಬರಿ

ಮೊನ್ನೆ ಆಫೀಸಿನ ಕ್ಯಾಂಟೀನಲ್ಲಿ ಟೀಮಿನ ಗೆಳೆಯನೊಬ್ಬ ಕೇಳಿದ: 'ಮಗಳಿಗೆ ಹನ್ನೊಂದಾಯ್ತು ಕಣೋ. ಕನ್ನಡ ಚೆನ್ನಾಗಿ ಓದ್ತಾಳೆ. ಯಾವ ವಯಸ್ಸಿಗೆ ಯಾವ ಕಾದಂಬರಿ ಅಂತ ಒಂದು ಲಿಸ್ಟ್ ಮಾಡಿಕೊಡು.' ಕೂತು ಬರೆದೆ. ನಾಲ್ಕು ಹೆಸರು ಬರೆಯೋ ಹೊತ್ತಿಗೆ ಗೊತ್ತಾಯ್ತು, ಅದು ನನ್ನ ಲಿಸ್ಟೇ ಅಲ್ಲ. ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರದ್ದು.

ಪಂಚಾಯಿತಿ ಆಫೀಸಿನ ಪಕ್ಕ ಒಂದೇ ಕೋಣೆ, ಎರಡು ಬೀರು, ಒಂದು ಉದ್ದನೆ ಬೆಂಚು. ನಾವು ಅವರನ್ನ ಲೈಬ್ರರಿ ಅಣ್ಣ ಅಂತಿದ್ವಿ. ನಾನು ಐದನೇ ಕ್ಲಾಸಲ್ಲಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಕೈಗಿಟ್ಟರು. ಬೀರುವಿನಲ್ಲಿದ್ದ ಪತ್ತೇದಾರ ಪುರುಷೋತ್ತಮನೆಲ್ಲ ಮುಗಿದ ಮೇಲೆ, ಏಳನೇ ಕ್ಲಾಸಲ್ಲಿ, ತೇಜಸ್ವಿಯವರ 'ಕರ್ವಾಲೊ' ಕೊಟ್ಟು, 'ಇದೂ ಪತ್ತೇದಾರೀನೇ. ಆದ್ರೆ ಇಲ್ಲಿ ಹುಡುಕೋದು ಕಳ್ಳನನ್ನಲ್ಲ, ಓತಿಕ್ಯಾತನ್ನ' ಅಂದ್ರು. ಪಿಯುಸಿ ಓದ್ತಿದ್ದ ಅಕ್ಕನಿಗೆ ತ್ರಿವೇಣಿ. ರಿಟೈರಾಗಿ ಜಗಲಿ ಮೇಲೆ ಕೂತಿದ್ದ ಮೇಷ್ಟ್ರಿಗೆ 'ಮಲೆಗಳಲ್ಲಿ ಮದುಮಗಳು'.

ಎಂಟನೇ ಕ್ಲಾಸಲ್ಲಿ ನಾನೇ ಬೀರುವಿಂದ ಕಾರಂತರ 'ಮೂಕಜ್ಜಿಯ ಕನಸುಗಳು' ಎಳೆದೆ. ಹೆಸರು ನೋಡಿ ಅಜ್ಜಿಕತೆ ಇರಬೇಕು ಅಂದ್ಕೊಂಡಿದ್ದೆ. ಅಣ್ಣ ಪುಸ್ತಕ ವಾಪಸ್ ತಗೊಂಡು, 'ಈಗ ಬೇಡ, ಆಮೇಲೆ' ಅಂದ್ರು. ನನಗೆ ಸಿಟ್ಟು ಬಂತು.

ಹೀಗೆ ಆಳು ನೋಡಿ ಪುಸ್ತಕ ಕೊಡೋದನ್ನ ಅವರಿಗೆ ಯಾರು ಕಲಿಸಿದ್ರು? ಕೆಲಸಕ್ಕೆ ಸೇರಿ ಬೆಂಗಳೂರಿಗೆ ಬಂದ ಮೇಲೆ ಈ ಪ್ರಶ್ನೆ ಹಿಂದೆ ಬಿದ್ದೆ. ಹಾದಿ ಸಾಕಷ್ಟು ಹಿಂದಕ್ಕೆ ಹೋಯ್ತು.

ಕನ್ನಡ ಕಾದಂಬರಿ ಹುಟ್ಟಿದಾಗ ಅದನ್ನ ಓದುಗರಿಗೆ ಮುಟ್ಟಿಸೋಕೆ ಊರೂರಲ್ಲಿ ಲೈಬ್ರರಿ ಇರಲಿಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಲ್ಲಿ ಅಚ್ಚಾಗಿದ್ದು 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಅದಕ್ಕೆ ಹೆಸರು; ಕತೆ ಒಬ್ಬ ಬಾಲವಿಧವೆಯದ್ದು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ತಮ್ಮ ಪುಸ್ತಕಗಳನ್ನ ತಾವೇ ಹೊತ್ತು ಊರೂರು ತಿರುಗಿ ಮಾರಿದ್ದನ್ನ ಇವತ್ತಿಗೂ ಹೇಳ್ತಾರೆ. ಬರೆದವರೇ ಹೊತ್ತು, ಬರೆದವರೇ ಶಿಫಾರಸು ಮಾಡಬೇಕಾದ ಕಾಲ ಅದು. ಮನೆ ಬಾಗಿಲಲ್ಲಿ ಯಾರು ನಿಂತಿದ್ದಾರೆ, ಅವರಿಗೆ ಯಾವುದು ಹಿಡಿಸುತ್ತೆ ಅಂತ ಕಣ್ಣಲ್ಲೇ ಅಳೆಯಬೇಕಿತ್ತು.

ಈ ಅಳತೆಗೆ ಒಂದು ಶಾಸ್ತ್ರ ಕೊಟ್ಟವರು ಎಸ್. ಆರ್. ರಂಗನಾಥನ್. ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಲಂಡನ್ನಿಗೆ ಹೋಗಿ ಕಲಿತು ಬಂದರು. ಓದುಗರು ತಾವೇ ಕಪಾಟಿನ ಹತ್ತಿರ ಹೋಗಿ ಪುಸ್ತಕ ನೋಡೋ ವ್ಯವಸ್ಥೆ ಮಾಡಿದರು. 1931ರಲ್ಲಿ ಗ್ರಂಥಾಲಯದ ಪಂಚಸೂತ್ರಗಳನ್ನ ಪ್ರಕಟಿಸಿದರು. ಅದರಲ್ಲಿ ಎರಡು ಸೂತ್ರ ಒಂದಕ್ಕೊಂದು ಕನ್ನಡಿ ಹಿಡಿದ ಹಾಗಿವೆ: ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿ ಸುತ್ತೋ ಲೈಬ್ರರಿಯೊಂದು ಹೊರಟಿತು. ಅದಕ್ಕೆ ಚಾಲನೆ ಕೊಟ್ಟವರೂ ಅವರೇ.

ಲೈಬ್ರರಿಗೆ ಕಾನೂನಿನ ಬಲ ಬೇಕು ಅಂತ ರಂಗನಾಥನ್ ದಶಕಗಟ್ಟಲೆ ಹೇಳ್ತಾ ಬಂದ್ರು. ಮದ್ರಾಸಲ್ಲಿ 1948ರಲ್ಲಿ ಕಾಯ್ದೆ ಬಂತು. ನಮ್ಮ ಮೈಸೂರು ರಾಜ್ಯದಲ್ಲಿ 1965ರಲ್ಲಿ. ಬೆಂಗಳೂರಲ್ಲಿ ಫ್ಲ್ಯಾಟ್ ಕೊಂಡಿರೋರು ಆಸ್ತಿ ತೆರಿಗೆ ರಸೀದಿ ನೋಡಿ, ಗ್ರಂಥಾಲಯ ಸೆಸ್ ಅಂತ ಇರುತ್ತೆ. ಅದರ ಬೇರು ಆ ಕಾಯ್ದೆಯಲ್ಲಿದೆ. ಕೊನೆಯ ವರ್ಷಗಳನ್ನ ರಂಗನಾಥನ್ ಬೆಂಗಳೂರಲ್ಲೇ ಕಳೆದು, 1972ರಲ್ಲಿ ಇಲ್ಲೇ ತೀರಿಕೊಂಡರು. ಅದೇ ಕಾಯ್ದೆಯ ನೆರಳಲ್ಲಿ ಮುಂದೆ ಪಂಚಾಯಿತಿಗಳಿಗೂ ಲೈಬ್ರರಿ ಬಂತು, ನಮ್ಮೂರಿಗೆ ಎರಡು ಬೀರು ಬಂತು. ಬೀರುವಿನ ಕೀಲಿ ಗೌರವಧನಕ್ಕೆ ದುಡಿಯೋ ಒಬ್ಬರ ಕೈಗೆ ಬಂತು.

ಕೀಲಿ ಕೈಯಲ್ಲಿರೋದು ಸಣ್ಣ ಅಧಿಕಾರ ಅಲ್ಲ. ಎಂಥ ದೊಡ್ಡ ಗ್ರಂಥಪಾಲಕರೂ ಅಲ್ಲಿ ಎಡವಬಹುದು. ಆನ್ ಕ್ಯಾರಲ್ ಮೂರ್ ಅಂತ ಒಬ್ಬಾಕೆ 1906ರಿಂದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗ ಕಟ್ಟಿದವರು. ಮಕ್ಕಳನ್ನ ಲೈಬ್ರರಿಯಿಂದ ದೂರ ಇಡ್ತಿದ್ದ ಕಾಲದಲ್ಲಿ ಅವರಿಗೇ ಅಂತ ಕೋಣೆ ಮಾಡಿ, ಎತ್ತರಕ್ಕೆ ತಕ್ಕ ಕುರ್ಚಿ ಹಾಕಿಸಿ, ಕತೆ ಹೇಳಿಸಿದವರು. ಆಕೆಯ ಪಟ್ಟಿಯಲ್ಲಿ ಹೆಸರು ಬಂದರೆ ಪುಸ್ತಕ ಗೆದ್ದ ಹಾಗೆ. ಅದೇ ಮೂರ್, ಇ. ಬಿ. ವೈಟ್ ಬರೆದ 'ಸ್ಟುವರ್ಟ್ ಲಿಟ್ಲ್' ಓದಿ, ಇದು ಮಕ್ಕಳಿಗೆ ತಕ್ಕದ್ದಲ್ಲ, ಪ್ರಕಟಿಸಬೇಡಿ ಅಂತ ಪಟ್ಟು ಹಿಡಿದರು. ಪುಸ್ತಕ 1945ರಲ್ಲಿ ಬಂದೇ ಬಂತು, ಮಕ್ಕಳು ಮುಗಿಬಿದ್ದು ಓದಿದರು. ಮಕ್ಕಳಿಗೆ ಬಾಗಿಲು ತೆಗೆದವರೇ ಒಂದು ಪುಸ್ತಕದ ಮುಂದೆ ಬಾಗಿಲಿಗೆ ಅಡ್ಡ ನಿಂತಿದ್ದರು.

ನಮ್ಮ ಅಣ್ಣನೂ ಅವತ್ತು ಹಾಗೇ ನಿಲ್ಲಬಹುದಿತ್ತು. ಆದ್ರೆ ನನ್ನ ಮುಖ ನೋಡಿ ಒಂದು ಪ್ರಶ್ನೆ ಕೇಳಿದ್ರು: 'ನಿಮ್ಮಜ್ಜಿಗೆ ಓದಕ್ಕೆ ಬರುತ್ತಾ?' ಬರಲ್ಲ ಅಂದೆ. 'ಹಂಗಾದ್ರೆ ಅಜ್ಜಿಗೆ ಓದಿ ಹೇಳ್ತೀಯಾ? ಒಬ್ನೇ ಓದ್ಬಾರ್ದು.'

ಸಂಜೆ ರಿಜಿಸ್ಟರ್ ಹಿಡ್ಕೊಂಡು ನಮ್ಮ ಮನೆಗೇ ಬಂದ್ರು. ಸದಸ್ಯರ ಹೆಸರಿನ ಜಾಗದಲ್ಲಿ ಅಜ್ಜಿಯ ಹೆಸರು ಬರೆದು, ಸಹಿ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ್ರು. 'ರೇಷನ್ನಿಗೆ, ಪಿಂಚಣಿಗೆ ಒತ್ತಿದ್ದೆ. ಇದ್ಯಾವುದಕ್ಕಪ್ಪ?' ಅಂದ್ಲು ಅಜ್ಜಿ.

ಆ ಕಾದಂಬರಿ ಓದಿದವರಿಗೆ ಗೊತ್ತಿರುತ್ತೆ, ಅದರ ತುಂಬ ಒಬ್ಬ ಮುದುಕಿ ಮೊಮ್ಮಗ ಸುಬ್ಬರಾಯನ ಜೊತೆ ಮಾತಾಡ್ತಾಳೆ. ದೇವರು, ಧರ್ಮ, ಗಂಡು-ಹೆಣ್ಣಿನ ಸಂಬಂಧ, ಯಾವುದಕ್ಕೂ ಮುಚ್ಚುಮರೆಯಿಲ್ಲ. ಆಕೆಯೂ ಇಂದಿರಾಬಾಯಿಯ ಹಾಗೆ ಬಾಲವಿಧವೆ. ನಮ್ಮಜ್ಜಿ ವಿಧವೆಯಾದಾಗ ಅವಳಿಗೆ ಹತ್ತೊಂಬತ್ತು, ಕಂಕುಳಲ್ಲಿ ನಮ್ಮಪ್ಪ. ಈ ಹೋಲಿಕೆ ಎಂಟನೇ ಕ್ಲಾಸಿನ ನನಗೆ ಹೊಳೆದಿರಲಿಲ್ಲ. ಅಣ್ಣನಿಗೆ ಹೊಳೆದಿತ್ತು.

ಮುಜುಗರದ ಭಾಗ ಬಂದಾಗ ನಾನು ಎರಡು ಪುಟ ಹಾರಿಸಿಬಿಟ್ಟೆ. ಕಡ್ಡಿ ಆರಿಸ್ತಾ ಕೂತಿದ್ದ ಅಜ್ಜಿ ಮೊರ ಕೆಳಗಿಟ್ಟು, 'ಏನೋ ಬಿಟ್ಬುಟ್ಟೆ ಕಣ್ಲಾ. ಹಿಂದಕ್ಕೋಗು' ಅಂದ್ಲು. ಹಿಂದಕ್ಕೆ ಹೋದೆ. ತಲೆ ತಗ್ಗಿಸಿಕೊಂಡು ಓದಿದೆ. ಅವಳು ನಗಲಿಲ್ಲ, ಬೈಯಲಿಲ್ಲ. ಮುಗಿದ ಮೇಲೆ, 'ಇದನ್ನ ಬರ್ದೋರು ಹೆಂಗಸಾ?' ಅಂತ ಕೇಳಿದ್ಲು. ಅಲ್ಲಜ್ಜಿ, ಗಂಡಸು ಅಂದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ಲು. ಅವತ್ತು ರಾತ್ರಿ, ಗಂಡ ಸತ್ತ ವರ್ಷದ ಮಾತು ಅವಳ ಬಾಯಿಂದ ಮೊದಲನೇ ಸಲ ಕೇಳಿದೆ.

ಎಪ್ಪತ್ತು ದಾಟಿದ, ಅಕ್ಷರ ಬಾರದವಳಿಗೆ ಕಾದಂಬರಿ ಶಿಫಾರಸು ಮಾಡೋದು ಯಾವ ಲಿಸ್ಟಲ್ಲೂ ಇರಲ್ಲ. ರಂಗನಾಥನ್ ಸೂತ್ರದಲ್ಲಿ ಮಾತ್ರ ಅದಕ್ಕೆ ಜಾಗ ಇದೆ: ಪ್ರತಿ ಓದುಗ ಅಂದ್ರೆ ಪ್ರತಿಯೊಬ್ಬರೂ. ವಯಸ್ಸು ಅನ್ನೋದು ಅಣ್ಣನಿಗೆ ಓದುಗರ ಬಗ್ಗೆ ಕೇಳೋ ಮೊದಲ ಪ್ರಶ್ನೆ, ಅಷ್ಟೇ. ನಿನ್ನ ಮನೇಲಿ ಯಾರಿದಾರೆ, ಯಾವುದು ನಿನಗೆ ಬೋರಾಯ್ತು, ಯಾರ ಜೊತೆ ಕೂತು ಓದ್ತೀಯ ಅನ್ನೋವು ಆಮೇಲೆ ಬರ್ತಿದ್ವು. ನಮ್ಮ ಕಂಪನಿಗಳಲ್ಲಿ ನಾವು ಬರೆಯೋ ರೆಕಮೆಂಡೇಶನ್ ಕೋಡ್ ನಿನ್ನೆ ಓದಿದ್ದರ ಥರದ್ದೇ ಇನ್ನೊಂದನ್ನ ತಂದುಕೊಡುತ್ತೆ. ಪುಸ್ತಕ ಕೇಳೋಕೇ ಬರದ ಒಬ್ಬಳನ್ನ ಹುಡುಕಿಕೊಂಡು ರಿಜಿಸ್ಟರ್ ಸಮೇತ ಮನೆಗೆ ಹೋಗಲ್ಲ.

2019ರಲ್ಲಿ ಪಂಚಾಯಿತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು, ಈಗ 'ಅರಿವು ಕೇಂದ್ರ' ಅನ್ನಿಸಿಕೊಂಡಿವೆ. ನಮ್ಮೂರಿನದಕ್ಕೂ ಹೊಸ ಬಣ್ಣ, ಕಂಪ್ಯೂಟರ್ ಬಂದಿದೆ. ಅಣ್ಣ ಕೆಲಸ ಬಿಟ್ಟು ತುಂಬಾ ವರ್ಷ ಆಯ್ತು. ಅಜ್ಜಿ ಇಲ್ಲ.

ಗೆಳೆಯನಿಗೆ ಲಿಸ್ಟ್ ಕಳಿಸಿದೆ. ಹನ್ನೊಂದಕ್ಕೆ ಪತ್ತೇದಾರಿ, ಹದಿಮೂರಕ್ಕೆ 'ಕರ್ವಾಲೊ', ಹದಿನೇಳಕ್ಕೆ ತ್ರಿವೇಣಿ, 'ಚೋಮನ ದುಡಿ'. 'ಮೂಕಜ್ಜಿ'ಯ ಮುಂದೆ ವಯಸ್ಸು ಬರೆಯಲಿಲ್ಲ. ನಿಮ್ಮಮ್ಮ ಈಗ ನಿಮ್ಮ ಜೊತೆಗೇ ಇದ್ದಾರಾ ಅಂತ ಮಾತ್ರ ಕೇಳಿದ್ದೀನಿ.