ಚೀಟಿ ಎತ್ತಿದರೆ ಜೋಡಿ ಕೂಡೀತೆ?

2010ರ ‘ವೇಟಿಂಗ್ ಫಾರ್ ಸೂಪರ್‌ಮ್ಯಾನ್’ ಸಾಕ್ಷ್ಯಚಿತ್ರದ ಕೊನೆಯ ಭಾಗ ನೋಡಿದವರಿಗೆ ಮರೆಯುವುದಿಲ್ಲ. ಸಭಾಂಗಣದಲ್ಲಿ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡ ಹೆತ್ತವರು. ಅಂಕಿ ಬರೆದ ಚೆಂಡು ಉರುಳುತ್ತದೆ, ಯಾರೋ ಸಂಖ್ಯೆ ಕೂಗುತ್ತಾರೆ. ಚಾರ್ಟರ್ ಶಾಲೆಯ ಸೀಟು ಸಿಕ್ಕವರ ಕಣ್ಣಲ್ಲೂ ನೀರು, ಸಿಗದವರ ಕಣ್ಣಲ್ಲೂ ನೀರು. ಆ ಶಾಲೆ ಆ ಮಗುವಿಗೆ ಒಗ್ಗುತ್ತದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಅಮೆರಿಕದ ಚಾರ್ಟರ್ ಶಾಲೆಗಳು ಹುಟ್ಟಿದ್ದು ಮಾತ್ರ ಈ ಪ್ರಶ್ನೆಯಿಂದಲೇ. ದುಡ್ಡು ಸರ್ಕಾರದ್ದು, ಆಡಳಿತ ಸ್ವತಂತ್ರ, ಫೀಸಿಲ್ಲ. ಅರ್ಜಿ ಹೆಚ್ಚಾದರೆ ಲಾಟರಿ. ಮಾಮೂಲಿ ತರಗತಿಗೆ ಒಗ್ಗದ ಮಕ್ಕಳಿಗಾಗಿ ಶಿಕ್ಷಕರೇ ಸಣ್ಣ ಪ್ರಯೋಗಶಾಲೆ ಕಟ್ಟಲಿ ಎಂದು 1988ರಲ್ಲಿ ಹೇಳಿದ್ದು ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಾಂಕರ್. 1991ರಲ್ಲಿ ಮಿನೆಸೋಟ ಮೊದಲ ಕಾನೂನು ಮಾಡಿತು. ಮರುವರ್ಷ ಸೇಂಟ್ ಪಾಲ್‌ನಲ್ಲಿ ತೆರೆದ ಸಿಟಿ ಅಕಾಡೆಮಿ ಶಾಲೆ ಬಿಟ್ಟ ಹುಡುಗರಿಗಾಗಿಯೇ ಇತ್ತು. ಆಮೇಲೆ ಚಳವಳಿ ಬೇರೆ ದಾರಿ ಹಿಡಿದು, ಶಾಂಕರ್ ತಾವೇ ಅದರ ಟೀಕಾಕಾರರಾದರು.

ಮುಂದಿನ ದಶಕಗಳ ಜಗಳವೆಲ್ಲ ‘ಯಾವುದು ಮೇಲು’ ಎಂಬುದರ ಸುತ್ತ. ಸ್ಟ್ಯಾನ್‌ಫರ್ಡ್‌ನ ಕ್ರೆಡೋ ಕೇಂದ್ರ 2009ರಲ್ಲಿ ಗಣಿತದ ಕಲಿಕೆ ಅಳೆದಾಗ ಶೇ. 17 ಚಾರ್ಟರ್ ಶಾಲೆಗಳು ಮಾಮೂಲಿ ಶಾಲೆಗಿಂತ ಮುಂದಿದ್ದವು, ಶೇ. 37 ಹಿಂದಿದ್ದವು. 2023ರ ವರದಿಯಲ್ಲಿ ತಕ್ಕಡಿ ಇತ್ತ ವಾಲಿತು: ಚಾರ್ಟರ್ ಮಕ್ಕಳು ಓದಿನಲ್ಲಿ ವರ್ಷಕ್ಕೆ 16 ದಿನ, ಗಣಿತದಲ್ಲಿ 6 ದಿನದಷ್ಟು ಹೆಚ್ಚು ಕಲಿತಿದ್ದರು. ಆದರೆ ಇವೆಲ್ಲ ಸರಾಸರಿಗಳು. ಮನೆಯ ಒಂದು ಮಗುವಿಗೆ ಶಾಲೆ ಹುಡುಕುವ ತಾಯಿ ಸರಾಸರಿ ಕಟ್ಟಿಕೊಂಡು ಏನು ಮಾಡಿಯಾಳು?

ಹೊಂದಾಣಿಕೆಯ ಮಾತು ಮತ್ತೆ ಬಂದದ್ದು ಅರ್ಥಶಾಸ್ತ್ರಜ್ಞರಿಂದ. ಗಂಡುಹೆಣ್ಣುಗಳ ಜೋಡಿ ಮುರಿಯದಂತೆ ಕೂಡಿಸುವ ಲೆಕ್ಕವನ್ನು ಗೇಲ್ ಮತ್ತು ಶಾಪ್ಲಿ 1962ರಲ್ಲೇ ಬರೆದಿದ್ದರು. ಪಾಪ, ಜಾತಕದ ಗೊಡವೆ ಇಲ್ಲದೆ. ಆಲ್ವಿನ್ ರಾತ್ ಮತ್ತು ಸಂಗಡಿಗರು ಆ ಲೆಕ್ಕವನ್ನು ನ್ಯೂಯಾರ್ಕಿನ ಹೈಸ್ಕೂಲುಗಳಿಗೆ, ಬಾಸ್ಟನ್‌ಗೆ ತಂದರು. 2012ರ ಹೊತ್ತಿಗೆ ಡೆನ್ವರ್ ಮತ್ತು ನ್ಯೂ ಆರ್ಲಿಯನ್ಸ್‌ನಲ್ಲಿ ಚಾರ್ಟರ್ ಶಾಲೆಗಳೂ ಸೇರಿ ಒಂದೇ ಅರ್ಜಿ: ಬೇಕಾದ ಶಾಲೆಗಳನ್ನು ಸಾಲಾಗಿ ಬರೆದು ಕೊಟ್ಟರೆ ಕಂಪ್ಯೂಟರ್ ಹಂಚುತ್ತದೆ. ಶಾಲೆಯಿಂದ ಶಾಲೆಗೆ ಅಲೆದಾಟ, ಶಿಫಾರಸು ತಗ್ಗಿದ್ದು ಸಣ್ಣ ಲಾಭವೇನಲ್ಲ.

ಆದರೆ ಯಂತ್ರ ಕೊಡುವುದು ಬರೆದದ್ದನ್ನು. ಹೆತ್ತವರು ಬರೆಯುವುದೇನು? ನ್ಯೂ ಆರ್ಲಿಯನ್ಸ್‌ನಲ್ಲಿ ಅಂಕಗಳ ಜೊತೆಗೆ ಮನೆಯಿಂದ ದೂರ, ಶಾಲೆಯ ಬ್ಯಾಂಡ್, ಫುಟ್‌ಬಾಲ್ ತಂಡ ಎಲ್ಲವೂ ತೂಗಿದವು. ಮೆರವಣಿಗೆಯ ವಾದ್ಯವೇ ಉಸಿರಾದ ಊರದು, ನಗುವಂಥದ್ದೇನಿಲ್ಲ. ನ್ಯೂಯಾರ್ಕಿನ ಸರ್ಕಾರಿ ಹೈಸ್ಕೂಲುಗಳ ಬಗ್ಗೆ 2020ರಲ್ಲಿ ಬಂದ ಅಧ್ಯಯನ ಇನ್ನೂ ಕಹಿ: ಹೆತ್ತವರು ಅರಸಿದ್ದು ಜಾಣ ಸಹಪಾಠಿಗಳಿರುವ ಶಾಲೆಯನ್ನು. ಸಹಪಾಠಿಗಳ ಮಟ್ಟವನ್ನು ಲೆಕ್ಕಕ್ಕೆ ಹಿಡಿದ ಮೇಲೆ, ಶಾಲೆ ಎಷ್ಟು ಕಲಿಸುತ್ತದೆ, ತಮ್ಮ ಮಗುವಿಗೆ ವಿಶೇಷವಾಗಿ ಒಗ್ಗುತ್ತದೆಯೇ ಎಂಬುದಕ್ಕೂ ಆಯ್ಕೆಗೂ ನಂಟು ಕಾಣಲಿಲ್ಲ.

ನನ್ನ ಮಟ್ಟಿಗೆ ಇಡೀ ಚರ್ಚೆಯ ಗಂಟು ಇರುವುದು ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ವಾಲ್ಟರ್ಸ್ 2018ರಲ್ಲಿ ಪ್ರಕಟಿಸಿದ ಬಾಸ್ಟನ್ ಅಧ್ಯಯನದಲ್ಲಿ. ಅಲ್ಲಿ ಲಾಟರಿಯಲ್ಲಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿದರೆ ಚಾರ್ಟರ್ ಶಾಲೆಗಳ ಫಲ ದೊಡ್ಡದು. ಹೆಚ್ಚು ಲಾಭ ಕಲಿಕೆಯಲ್ಲಿ ಹಿಂದುಳಿದ, ಬಡ ಮಕ್ಕಳಿಗೆ. ಅರ್ಜಿ ಹಾಕುವುದು ಕಡಿಮೆಯಾಗಿದ್ದದ್ದೂ ಅದೇ ಮಕ್ಕಳ ಮನೆಯವರು. ಹಸಿದವನು ಪಂಕ್ತಿಗೇ ಬಾರದಿದ್ದರೆ ಬಡಿಸುವ ಕ್ರಮ ಎಷ್ಟು ನ್ಯಾಯವಾಗಿದ್ದರೇನು?

ಪಂಕ್ತಿಗೆ ಬಂದವರಿಗೂ ಬಾಗಿಲು ಒಂದೇ ಸಮ ತೆರೆಯುವುದಿಲ್ಲ. ಸಂಶೋಧಕರಾದ ಪೀಟರ್ ಬರ್ಗ್‌ಮನ್ ಮತ್ತು ಐಸಾಕ್ ಮೆಕ್‌ಫಾರ್ಲಿನ್ 29 ರಾಜ್ಯಗಳ 6,000ಕ್ಕೂ ಹೆಚ್ಚು ಶಾಲೆಗಳಿಗೆ ಹೆತ್ತವರ ಹೆಸರಿನಲ್ಲಿ ಇ-ಮೇಲ್ ಕಳಿಸಿ ನೋಡಿದರು: ನಿಮ್ಮಲ್ಲಿ ಯಾರು ಬೇಕಾದರೂ ಸೇರಬಹುದೇ, ಅರ್ಜಿ ಹೇಗೆ? ಕೆಲವು ಪತ್ರಗಳಲ್ಲಿ ಮಗುವಿಗೆ ಗಂಭೀರ ವಿಶೇಷ ಅಗತ್ಯಗಳಿವೆ ಎಂಬ ಒಂದು ಸಾಲು ಸೇರಿಸಿದ್ದರು. ಆ ಸಾಲಿದ್ದ ಪತ್ರಗಳಿಗೆ ಉತ್ತರ ಕಡಿಮೆ ಬಂತು; ಚಾರ್ಟರ್ ಶಾಲೆಗಳಿಂದ ಇನ್ನೂ ಕಡಿಮೆ.