ಠಾಕುರ್ಲಿಯ ಕಸ, ದಿಲ್ಲಿಯ ಲೆಕ್ಕ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಇತ್ತ ಉಲ್ಹಾಸ್ ನದಿ ಉಕ್ಕಿ ಕಲ್ಯಾಣದ ಸುತ್ತಲಿನ ಊರುಗಳು ನೀರಿನಲ್ಲಿ ನಿಂತವು. ನೀರು ಇಳಿದ ಮೇಲೆ ಎಲ್ಲರ ಬೆರಳೂ ಚರಂಡಿ ಕಟ್ಟಿದ ಪ್ಲಾಸ್ಟಿಕ್ ಚೀಲದತ್ತ ತಿರುಗಿತು. ಮರುವರ್ಷ ಮಹಾರಾಷ್ಟ್ರ 50 ಮೈಕ್ರಾನ್‌ಗಿಂತ ತೆಳುವಾದ ಚೀಲಗಳನ್ನು ನಿಷೇಧಿಸಿತು.

ಪ್ಲಾಸ್ಟಿಕ್ಕನ್ನು ಸರ್ಕಾರ ಅಳೆಯಲು ಹೊರಟ ಕಥೆಯಲ್ಲಿ ಈ ಮೈಕ್ರಾನ್ ಬಹುಕಾಲ ನಾಯಕನಾಗಿತ್ತು. ಕೇಂದ್ರದ ಮಿತಿ 1999ರಲ್ಲಿ 20 ಇತ್ತು. 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120 ಆಯಿತು. 2011ರಿಂದ ಐದು ವರ್ಷ 45 ಮೈಕ್ರಾನಿನ ಚೀಲವೊಂದು ಕೇಂದ್ರದ ಕಣ್ಣಿಗೆ ಸಕ್ರಮ, ಠಾಕುರ್ಲಿಯ ಅಂಗಡಿಯಲ್ಲಿ ಅಕ್ರಮ. ಚೀಲದ ದಪ್ಪ ಗೊತ್ತಾಯಿತೇ ಹೊರತು ಎಷ್ಟು ಚೀಲ, ಎಲ್ಲಿ ಹೋದವು ಎಂಬುದು ಗೊತ್ತಾಗಲಿಲ್ಲ.

ಡೊಂಬಿವಲಿ ಮತ್ತು ಕಲ್ಯಾಣದ ನಡುವಿನ ಈ ಚಿಕ್ಕ ಸ್ಟೇಷನ್ನಿನ ಕಸಕ್ಕೆ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ ಹೊಣೆ. ಕಸ ವಿಲೇವಾರಿಗೆ ಸರಿಯಾದ ವ್ಯವಸ್ಥೆ ಇಲ್ಲವೆಂದು 2015ರಲ್ಲಿ ಬಾಂಬೆ ಹೈಕೋರ್ಟ್ ಇಲ್ಲಿ ಹೊಸ ಕಟ್ಟಡಗಳಿಗೆ ಅನುಮತಿ ಕೊಡುವುದನ್ನೇ ತಡೆಯಿತು. ಒಂದು ವರ್ಷದ ಬಳಿಕ ಅದು ಸಡಿಲವಾಯಿತು. ಕಲ್ಯಾಣದ ಆಧಾರವಾಡಿ ಕಸದ ಗುಡ್ಡಕ್ಕೆ ಕಸ ಸುರಿಯುವುದು ನಿಂತದ್ದು 2021ರಲ್ಲಿ.

2016ರ ನಿಯಮಗಳು ಲೆಕ್ಕಕ್ಕೊಂದು ಏಣಿ ಹಾಕಿದವು. ಪಾಲಿಕೆ ವರ್ಷಕ್ಕೊಂದು ನಮೂನೆ ತುಂಬಬೇಕು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಇನ್ನೊಂದು. ಎಲ್ಲವನ್ನೂ ಕೂಡಿಸಿ ಕೇಂದ್ರ ಮಂಡಳಿ ದೇಶದ ಅಂಕಿ ಹೇಳಬೇಕು. 2019-20ಕ್ಕೆ ಸುಮಾರು 34.7 ಲಕ್ಷ ಟನ್, ಮರುವರ್ಷ 41.3, ಅದರಾಚೆಗೆ 39. ಕೂಡಿಸಿದ್ದು ಸರಿಯೇ ಇರಬಹುದು. ಆದರೆ ಏಣಿಯ ಕೆಳಮೆಟ್ಟಿಲಲ್ಲಿ ಯಾರು, ಯಾವ ತಕ್ಕಡಿಯಲ್ಲಿ ತೂಗಿದರು?

ನಿಜವಾಗಿ ತೂಗುವವರು ಇದ್ದಾರೆ. ಕನ್ನಡದಲ್ಲಿ ಗುಜರಿ, ಮರಾಠಿಯಲ್ಲಿ ಭಂಗಾರ್ ಎನ್ನುವ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ದುಡ್ಡು ಕೈಬದಲಾಗುತ್ತದೆ, ಹಾಗಾಗಿ ಮುಳ್ಳು ಸುಳ್ಳು ಹೇಳಿದರೆ ಅಲ್ಲೇ ಜಗಳ. ಪ್ಲಾಸ್ಟಿಕ್ ಆರಿಸುವವರು ಅದರ ಸದ್ದು ಕೇಳಿ, ಬಗ್ಗಿಸಿ, ನೀರಿನಲ್ಲಿ ತೇಲಿಸಿ ಜಾತಿ ಹೇಳಬಲ್ಲರು. ನೀರಿನ ಬಾಟಲಿ ಅವರಿಗೆ ಬೇಕು, ಚಿಪ್ಸಿನ ಬಹುಪದರದ ಪೊಟ್ಟಣ ಬೇಡ. ಯಾವುದು ಮೋರಿಗೆ ಹೋಗುತ್ತದೆ ಎಂಬ ಅತ್ಯಂತ ನಂಬಲರ್ಹ ಮಾಹಿತಿ ಆ ಬೇಕು-ಬೇಡಗಳಲ್ಲೇ ಇದೆ, ಮತ್ತು ಅದನ್ನು ಕೇಳುವ ಕಾಲಂ ನಮೂನೆಯಲ್ಲಿಲ್ಲ.

2022ರಲ್ಲಿ ಬಂದದ್ದು ರಾಷ್ಟ್ರೀಯ ಪೋರ್ಟಲ್. ಪೊಟ್ಟಣ ಮಾಡುವ, ಮಾರುವ ಕಂಪನಿಗಳು ಅದರಲ್ಲಿ ನೋಂದಾಯಿಸಿಕೊಳ್ಳಬೇಕು. ತಮ್ಮ ಪಾಲಿನ ಪ್ಲಾಸ್ಟಿಕ್ ಮರುಬಳಕೆಯಾಯಿತೆಂಬ ಪ್ರಮಾಣಪತ್ರವನ್ನು ಘಟಕಗಳಿಂದ ಕೊಳ್ಳಬೇಕು. ಇಡೀ ದೇಶಕ್ಕೆ ಒಂದೇ ಖಾತೆ, ಆಲೋಚನೆ ಚೆನ್ನಾಗಿಯೇ ಇದೆ. ಮರುವರ್ಷವೇ ಕೇಂದ್ರ ಮಂಡಳಿಯ ತಪಾಸಣೆಯಲ್ಲಿ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಸಿಕ್ಕವು. ಕೊಟ್ಟ ಘಟಕಗಳು ಇದ್ದದ್ದು ಮಹಾರಾಷ್ಟ್ರ, ಗುಜರಾತ್, ಕರ್ನಾಟಕಗಳಲ್ಲಿ. ಕದ್ದದ್ದು ಕಾಗದವೇ ಆದರೂ ನಷ್ಟ ಗೋಣಿ ಹೊತ್ತವರದು: ಹುಸಿ ಪತ್ರ ಅಗ್ಗವಾಗಿ ಸಿಕ್ಕಾಗ ನಿಜವಾದ ಪೊಟ್ಟಣಕ್ಕೆ ಬೆಲೆ ಯಾರು ಕೊಡುತ್ತಾರೆ?

2024ರ ಸೆಪ್ಟೆಂಬರ್‌ನಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಇನ್ನೊಂದು ಅಂಕಿ ಕೊಟ್ಟರು. ಭಾರತದಲ್ಲಿ ವರ್ಷಕ್ಕೆ 93 ಲಕ್ಷ ಟನ್ ಪ್ಲಾಸ್ಟಿಕ್ ಪರಿಸರಕ್ಕೆ ಸೇರುತ್ತದೆ, ಸುಟ್ಟ ಹೊಗೆಯಾಗಿಯೂ ಬಿದ್ದ ಚೂರಾಗಿಯೂ. ಅದು ಸರ್ಕಾರ ಹೇಳುವ ಒಟ್ಟು ಪ್ಲಾಸ್ಟಿಕ್ ತ್ಯಾಜ್ಯದ ಎರಡು ಪಟ್ಟಿಗೂ ಹೆಚ್ಚು. ಅದೂ ಮಾದರಿ ಕಟ್ಟಿ ಹೇಳಿದ ಅಂದಾಜೇ, ತೂಗಿದ್ದಲ್ಲ. ಆದರೆ ಯಾರೂ ಒಯ್ಯದ ಕಸವನ್ನೂ ಅದು ಲೆಕ್ಕಕ್ಕೆ ಹಿಡಿಯಿತು.

2025ರ ಜುಲೈ 1ರಿಂದ ಪ್ಲಾಸ್ಟಿಕ್ ಪೊಟ್ಟಣಗಳ ಮಾಹಿತಿಯನ್ನು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಮೂಲಕ ಕೊಡಲು ನಿಯಮ ಅವಕಾಶ ಮಾಡಿದೆ. ಮಾಡಿದವರು ಯಾರೆಂದು ಆ ಕೋಡ್ ಹೇಳುತ್ತದೆ, ಹೆಕ್ಕಿದವರು ಯಾರೆಂದಲ್ಲ.