ಚಿತ್ರರಚನೆಯ ನಡುವೆ ತಂತ್ರದ ಬದಲಾವಣೆ: ಕೆ. ವೆಂಕಟಪ್ಪ ಮತ್ತು ವಾಶ್ ಪದ್ಧತಿ

ಕೆ. ವೆಂಕಟಪ್ಪನವರ (1886–1965) ಕಲಾಜೀವನವನ್ನು ಮೂರು ಘಟ್ಟಗಳಾಗಿ ವಿಂಗಡಿಸುವುದು ರೂಢಿಯಲ್ಲಿದೆ: ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದ ಹಿನ್ನೆಲೆ, ಕಲ್ಕತ್ತೆಯ ಶಿಕ್ಷಣ, ಅನಂತರದ ನಿಸರ್ಗಚಿತ್ರಗಳು. ಈ ವಿಂಗಡಣೆ ಅನುಕೂಲಕರವಾದುದೇ. ಆದರೆ ತಂತ್ರವು ಘಟ್ಟದಿಂದ ಘಟ್ಟಕ್ಕೆ ಮಾತ್ರವಲ್ಲ, ಒಂದೇ ಚಿತ್ರದ ಒಳಗೆ, ಕೆಲಸದ ನಡುವೆಯೇ ಬದಲಾಗುತ್ತದೆಂಬ ಸಂಗತಿ ಇದರಿಂದ ಮರೆಯಾಗಿದೆ.

ಮೈಸೂರು ಶೈಲಿಯಲ್ಲಿ ಇಂತಹ ಬದಲಾವಣೆ ಹೊಸದಲ್ಲ. ಹುಣಿಸೆ ಕಡ್ಡಿಯ ಇದ್ದಲಿನಿಂದ ರೇಖೆ ಎಳೆದು ಬಣ್ಣ ತುಂಬುವ ಚಿತ್ರಕಾರನೇ ಒಂದು ಹಂತದಲ್ಲಿ ಗೆಸ್ಸೊ ಕೆಲಸಕ್ಕೆ ತಿರುಗುತ್ತಾನೆ. ಸಫೇದ, ಮಕ್ಕಿ, ಗೋಂದುಗಳನ್ನು ಅರೆದ ಲೇಪದಿಂದ ಒಡವೆ, ಕಿರೀಟಗಳನ್ನು ತುಸುವೇ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕನ್ನು ಕೂರಿಸುತ್ತಾನೆ. ಇದು ಬಣ್ಣಕ್ಕೆ ಮೊದಲೋ ಅನಂತರವೋ ಎಂಬ ಬಗ್ಗೆ ವಿವರಣೆಗಳು ಏಕರೂಪವಾಗಿಲ್ಲ. ಕ್ರಮ ಯಾವುದೇ ಇರಲಿ, ಚಿತ್ರದ ಎರಡು ಭಾಗಗಳು ಎರಡು ಬೇರೆ ಕುಶಲತೆಗಳಿಂದ ಆದವು. ಆದರೂ ಈ ತಿರುವು ಸಂಪ್ರದಾಯವೇ ಗೊತ್ತುಪಡಿಸಿದ್ದು. ಅದರಲ್ಲಿ ಅನಿಶ್ಚಿತತೆಗೆ ಎಡೆ ಕಡಿಮೆ.

ವೆಂಕಟಪ್ಪನವರು 1909ರಿಂದ 1916ರವರೆಗೆ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಕಂಡದ್ದು ಬೇರೊಂದು ಬಗೆಯ ತಿರುವು. ಅವರ ಗುರು ಅವನೀಂದ್ರನಾಥ ಟಾಗೋರರು 1903ರಲ್ಲಿ ಭಾರತಕ್ಕೆ ಬಂದಿದ್ದ ಜಪಾನಿನ ಯೊಕೊಯಾಮ ತೈಕಾನರು ಚಿತ್ರದ ಮೇಲೆ ಒದ್ದೆ ಕುಂಚ ಆಡಿಸುವುದನ್ನು ನೋಡಿ, ತಮ್ಮ ಚಿತ್ರವನ್ನು ಪೂರ್ತಿಯಾಗಿ ನೀರಿನಲ್ಲಿ ಅದ್ದುವ ಕ್ರಮವನ್ನು ರೂಪಿಸಿಕೊಂಡರು. ಪಾರದರ್ಶಕ ಬಣ್ಣ ಹಾಕಿ ಒಣಗಿಸಿದ ಹಾಳೆಯನ್ನು ನೀರಿಗೆ ಇಳಿಸಿದಾಗ ಮೇಲೆ ನಿಂತ ಬಣ್ಣ ತೇಲಿಹೋಗುತ್ತದೆ, ಕಾಗದದ ನಾರಿಗೆ ಇಳಿದದ್ದು ಮಾತ್ರ ಉಳಿಯುತ್ತದೆ. ಮತ್ತೆ ಬಣ್ಣ, ಮತ್ತೆ ಸ್ನಾನ. ಬಳಿಕ ಹಾಳೆ ಹಸಿಯಿರುವಾಗಲೇ ಇಡೀ ಚಿತ್ರದ ಮೇಲೆ ತೆಳು ವರ್ಣದ ಒಂದು ಪದರ. ಇಷ್ಟರಲ್ಲಿ ಎಷ್ಟೋ ರೇಖೆಗಳು ಮಸುಕಾಗಿರುತ್ತವೆ. ಆಗ ಚಿತ್ರಕಾರ ಪದ್ಧತಿಯನ್ನೇ ಬದಲಿಸಿ, ಒಣಗಿದ ಹಾಳೆಯ ಮೇಲೆ ಸಣ್ಣ ಕುಂಚದಿಂದ ಕಣ್ಣು, ಬೆರಳು, ಆಭರಣಗಳನ್ನು ಅಪಾರದರ್ಶಕ ಬಣ್ಣದಲ್ಲಿ ಮರಳಿ ಬರೆಯಬೇಕು. ಕಿರುಚಿತ್ರದ ಶಿಸ್ತು ಬಲ್ಲವರಿಗೆ ಈ ಕೊನೆಯ ಹಂತ ಕಷ್ಟವಲ್ಲ. ಕಷ್ಟವಿರುವುದು ತಾನೇ ಬರೆದುದನ್ನು ನೀರಿಗೊಪ್ಪಿಸುವಲ್ಲಿ. 1913ರಲ್ಲಿ ಪ್ರಕಟವಾದ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥಾಸಂಗ್ರಹಕ್ಕೆ ವೆಂಕಟಪ್ಪನವರು ರಚಿಸಿಕೊಟ್ಟ ರಾಮಾಯಣದ ಚಿತ್ರಗಳು ಈ ಶಿಕ್ಷಣಾವಧಿಯವು.

ಈ ಕ್ರಮದ ಅರಿವು ಕೇವಲ ಶಾಸ್ತ್ರಚರ್ಚೆಗೆ ಬೇಕಾದುದಲ್ಲ. ಪಟ್ಟಿಗಳಲ್ಲಿ ಇಂತಹ ಕೃತಿಗಳಿಗೂ ನೇರ ಜಲವರ್ಣ ಚಿತ್ರಗಳಿಗೂ 'ಕಾಗದದ ಮೇಲೆ ಜಲವರ್ಣ' ಎಂಬ ಒಂದೇ ನಮೂದು ಸಾಮಾನ್ಯ. ವಾಶ್ ಚಿತ್ರದ ಹಿನ್ನೆಲೆ ಹಲವು ಸಲ ನೀರುಂಡದ್ದು. ತೇವವನ್ನು ಅದು ಒಂದು ಮಟ್ಟಿಗೆ ತಾಳೀತು. ಕಡೆಯಲ್ಲಿ ಬರೆದ ಕಣ್ಣಿನ ಗೆರೆ ನೀರನ್ನೇ ಕಂಡಿಲ್ಲ. ಹಿನ್ನೆಲೆಯ ಮೂಲೆಯಲ್ಲಿ ಪರೀಕ್ಷಿಸಿ ಧೈರ್ಯಗೊಂಡು ಮುಖದ ಮೇಲೆ ಒದ್ದೆ ಹತ್ತಿ ಇಟ್ಟರೆ ಚಿತ್ರದ ಜೀವಾಳವೇ ಅಳಿಸಿಹೋಗುತ್ತದೆ. ಗೋಂದಿನ ಬಲದಿಂದಲೇ ನಿಂತಿರುವ ಮೈಸೂರಿನ ಗೆಸ್ಸೊ ಕೆಲಸಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ.

1926ರ ಉದಕಮಂಡಲದ ಚಿತ್ರಗಳಲ್ಲಿ ವೆಂಕಟಪ್ಪನವರು ಬಂಗಾಳ ಶೈಲಿಯ ಮಬ್ಬನ್ನು ತೊರೆದರು. ಮಂಜು ಕವಿಯುವ ಬೆಟ್ಟಗಳಿಗೆ ವಾಶ್ ಪದ್ಧತಿಯೇ ಸಹಜವೆಂದು ಯಾರಿಗಾದರೂ ತೋರುವಂತಹ ವಸ್ತುವಿನಲ್ಲಿ ಅವರು ಅದನ್ನು ಬಿಟ್ಟದ್ದು ವಿಶೇಷ. ಇದನ್ನು ಪಾಶ್ಚಾತ್ಯ ನೈಜತೆಗೆ ಮರಳಿದುದೆಂದು ಹೇಳುವುದುಂಟು. ಅದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ವಾಶ್ ಪದ್ಧತಿಯ ಮಂಜು ಎಲ್ಲ ವೇಳೆಗೂ ಒಂದೇ. ಅದು ಹಾಳೆಯಿಂದ ಹುಟ್ಟಿದ್ದು. ಅವರಿಗೆ ಬೇಕಾಗಿದ್ದುದು ಬೆಳಗಿನ ಮಂಜು, ಬೆಳುದಿಂಗಳ ಮಂಜು, ಮಳೆಮೋಡ ಬಿರಿಯುವ ಹೊತ್ತಿನ ಬೆಳಕು. ಅವುಗಳ ಅಂತರವನ್ನು ಒಂದೊಂದಾಗಿ ನೋಡಿ ಇಡಬೇಕಾದಾಗ ಇಡೀ ಹಾಳೆಯನ್ನು ಅದ್ದುವುದು ಅಡ್ಡಿಯಾಗುತ್ತದೆ. 1930ರ ದಶಕದ ಕೊಡೈಕೆನಾಲ್ ಚಿತ್ರಗಳಲ್ಲಿಯೂ ಅವರು ವಾಶ್ ಪದ್ಧತಿಗೆ ಹಿಂದಿರುಗಲಿಲ್ಲ.